ಅದೇ ಕಥೆಗೆ ಮತ್ತೆ ಕಾಯುವವರು

ರೀಮೇಕ್ ಎಂಬ ಮಾತಿಗೆ ಕನ್ನಡದಲ್ಲಿ ಮರ್ಯಾದೆಯಿಲ್ಲ. ನೆರೆಯ ಭಾಷೆಗಳಲ್ಲಿ ಗೆದ್ದ ಚಿತ್ರಗಳನ್ನು ಗಾಂಧಿನಗರ ದಶಕಗಳ ಕಾಲ ಹೊತ್ತು ತಂದದ್ದರ ಫಲವಾಗಿ ಆ ಪದಕ್ಕೆ ಸೋಮಾರಿತನದ ವಾಸನೆ ಅಂಟಿಕೊಂಡಿದೆ. ಅದಕ್ಕೆ ಎದುರಾಗಿ ‘ಸ್ವಮೇಕ್’ ಎಂಬ ವಿಚಿತ್ರ ಪದವೊಂದನ್ನು ನಾವು ಟಂಕಿಸಿಕೊಂಡಿದ್ದೇವೆ. ಸ್ವಂತಿಕೆಯನ್ನು ಹೊಗಳಲು ಹುಟ್ಟಿದ ಆ ಪದವೇ ಅರ್ಧ ಸಾಲದ್ದು ಎಂಬುದು ಬೇರೆ ಮಾತು. ಆದರೂ 1993ರ ಮಲಯಾಳಂ ಚಿತ್ರದ ಕಥೆ ಗೊತ್ತಿದ್ದವರೇ 2004ರಲ್ಲಿ ‘ಆಪ್ತಮಿತ್ರ’ಕ್ಕೆ ಹೋದರು, ಕೊಲೆಗಾರ ಯಾರು, ಹೆಣ ಎಲ್ಲಿದೆ ಎಂಬುದು ತಿಳಿದಿದ್ದವರೂ 2014ರಲ್ಲಿ ‘ದೃಶ್ಯ’ ನೋಡಿದರು. ತಿಳಿದ ಕಥೆಗಾಗಿ ಮನುಷ್ಯ ಯಾಕೆ ಮತ್ತೆ ಕಾಯುತ್ತಾನೆ ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡದ್ದು ಕಡಿಮೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಒಂದು ವಿಡಿಯೊ ಗೇಮಿನ ಬಳಿಗೆ ಹೋಗಬೇಕಾಯಿತು. ಪತ್ರಿಕೆಯ ಈ ಪುಟದಲ್ಲಿ ವಿಡಿಯೊ ಗೇಮಿನ ಪ್ರಸ್ತಾಪ ಬಂದರೆ ಅದು ಜೂಜಿನ ಸುದ್ದಿಯೋ ಮಕ್ಕಳ ಚಟದ ಸುದ್ದಿಯೋ ಆಗಿರುತ್ತದೆ ಎಂದು ಓದುಗರು ಎಣಿಸುವುದು ಸಹಜ. ಈ ಎಣಿಕೆಯೇ ಈ ಬರಹದ ವಿಷಯ.

ಅಮೆರಿಕದ ಎಡ್ಮಂಡ್ ಮೆಕ್‌ಮಿಲನ್ ಮತ್ತು ಫ್ಲೋರಿಯನ್ ಹಿಮ್ಸ್ಲ್ ಎಂಬ ಇಬ್ಬರು 2011ರ ಸೆಪ್ಟೆಂಬರ್ 28ರಂದು ‘ದ ಬೈಂಡಿಂಗ್ ಆಫ್ ಐಸಾಕ್’ ಎಂಬ ಆಟವನ್ನು ಬಿಡುಗಡೆ ಮಾಡಿದರು. ದೊಡ್ಡ ಕಂಪೆನಿಯ ಹಂಗಿಲ್ಲದೆ, ಕೈಯಳತೆಯ ಖರ್ಚಿನಲ್ಲಿ ತಯಾರಾಗುವ ಇಂಥ ಆಟಗಳನ್ನು ‘ಇಂಡೀ’ ಎನ್ನುತ್ತಾರೆ. ಬೆರಳೆಣಿಕೆಯ ದಿನಗಳ ಪ್ರಯೋಗವಾಗಿ ಶುರುವಾದ ಈ ಆಟದ ಬಗ್ಗೆ ಅದನ್ನು ಮಾಡಿದವರಿಗೇ ದೊಡ್ಡ ನಿರೀಕ್ಷೆ ಇರಲಿಲ್ಲ. ಅದು ಲಕ್ಷಾಂತರ ಪ್ರತಿ ಮಾರಾಟವಾಯಿತು. ಅದನ್ನೇ ಹೊಸದಾಗಿ, ಬುಡದಿಂದ ಕಟ್ಟಿ ಕೊಡುತ್ತೇವೆ ಎಂಬ ಘೋಷಣೆ 2012ರ ಕೊನೆಯಲ್ಲಿ ಬಂತು. ‘ರೀಬರ್ತ್’, ಅಂದರೆ ಮರುಹುಟ್ಟು ಎಂಬ ಹೆಸರಿನ ಆ ಮರುರೂಪ ಕೈಗೆ ಸಿಕ್ಕಿದ್ದು 2014ರ ನವೆಂಬರ್ 4ರಂದು. ಮಧ್ಯದ ಎರಡು ವರ್ಷ ಅದರ ಅಭಿಮಾನಿಗಳು ಕಾದರು. ಹಾವೇರಿಯ ನನ್ನ ಬಂಧುವೊಬ್ಬರ ಮಗ, ಆಗ ಎಂಜಿನಿಯರಿಂಗ್ ಓದುತ್ತಿದ್ದವನು, ಹಾಗೆ ಕಾದವರಲ್ಲಿ ಒಬ್ಬ. ಅವನ ಕಾಯುವಿಕೆ ಮನೆಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ‘ಅದು ನಿನ್ನ ಹತ್ತಿರ ಇದೆಯಲ್ಲ, ಮತ್ತೆ ಅದನ್ನೇ ಯಾಕೆ ಕೊಳ್ಳುತ್ತೀ?’ ಎಂದು ಅವನ ತಂದೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆಟದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಇದನ್ನು ‘ರೋಗ್‌ಲೈಕ್’ ಎನ್ನುತ್ತಾರೆ. ಕನ್ನಡದ ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕೇಂದ್ರದ ವಿದ್ಯಾರ್ಥಿಗಳು ಯುನಿಕ್ಸ್ ಗಣಕಗಳಿಗಾಗಿ ‘ರೋಗ್’ ಎಂಬ ಆಟವೊಂದನ್ನು ಬರೆದರು. ಅದರಲ್ಲಿ ಚಿತ್ರಗಳಿರಲಿಲ್ಲ, ಅಕ್ಷರ ಮತ್ತು ಚಿಹ್ನೆಗಳೇ ಗೋಡೆ, ಬಾಗಿಲು, ರಾಕ್ಷಸರು. ಎರಡು ಗುಣಗಳಿಂದ ಅದು ಬೇರೆಯಾಗಿತ್ತು. ಪ್ರತಿ ಸಲ ಆಡುವಾಗಲೂ ನೆಲಮಾಳಿಗೆಯ ವಿನ್ಯಾಸವನ್ನು ಗಣಕ ಹೊಸದಾಗಿ, ಅದೃಷ್ಟದ ಮೇಲೆ ರಚಿಸುತ್ತಿತ್ತು. ಸತ್ತರೆ ಸತ್ತ ಹಾಗೆ, ನಡುವೆ ಉಳಿಸಿಟ್ಟುಕೊಂಡು ಅಲ್ಲಿಂದ ಮುಂದುವರಿಯುವ ಸವಲತ್ತಿರಲಿಲ್ಲ, ಮೊದಲಿನಿಂದ ಶುರು ಮಾಡಬೇಕಿತ್ತು. (ಮೆಕ್‌ಮಿಲನ್ ಹುಟ್ಟಿದ್ದೂ ಅದೇ ಸಾಂತಾ ಕ್ರೂಜ್ ಊರಿನಲ್ಲಿ, ಅದೇ 1980ರಲ್ಲಿ. ಕಾಕತಾಳೀಯ, ಆದರೂ ಹೇಳದೆ ಬಿಡಲು ಮನಸ್ಸು ಬರುವುದಿಲ್ಲ.)

ನಮಗಿದು ತೀರಾ ಪರಕೀಯವಲ್ಲ. ಚೌಕಾಬಾರದಲ್ಲಿ ಕವಡೆ ಉರುಳಿದಂತೆ ಕಾಯಿ ನಡೆಯುತ್ತದೆ. ಎದುರಾಳಿಯ ಕಾಯಿ ಬಂದು ಕಡಿಯಿತೆಂದರೆ ಒಳಮನೆಯ ಹೊಸ್ತಿಲಲ್ಲಿದ್ದ ಕಾಯಿಯೂ ಹೊರಟಲ್ಲಿಗೇ ಮರಳಬೇಕು. ಪರಮಪದ ಸೋಪಾನಪಟದಲ್ಲಿ ವೈಕುಂಠದ ಹತ್ತಿರದ ಹಾವು ನುಂಗಿದವರು ಎಲ್ಲಿಗೆ ಬೀಳುತ್ತಾರೆಂಬುದು ಅಜ್ಜಿಯರ ಜೊತೆ ಆಡಿದ ಎಲ್ಲರಿಗೂ ನೆನಪಿರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂದು ನಿಧಿಯನ್ನೇ, ಕೌತುಕನಿಧಿಯನ್ನು, ಪಟದ ಆಟಗಳಿಗೆ ಮೀಸಲಿಟ್ಟರು. ದೇವತಾಮೂರ್ತಿಗಳ ಲಕ್ಷಣವನ್ನು ಹೇಳುವ ಗ್ರಂಥದಲ್ಲಿ ಆಟಕ್ಕೂ ಒಂದು ಪೀಠ ಸಿಕ್ಕಿತ್ತು ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿಟ್ಟುಕೊಳ್ಳೋಣ.

‘ಐಸಾಕ್’ ಆಟದ ವಿಶೇಷ ಅದರ ಯಂತ್ರದಲ್ಲಿ ಮಾತ್ರ ಇರಲಿಲ್ಲ. ಬೈಬಲಿನ ಆದಿಕಾಂಡದಲ್ಲಿ ದೇವರು ಅಬ್ರಹಾಮನಿಗೆ ಮಗ ಇಸಾಕನನ್ನು ಬಲಿ ಕೊಡುವಂತೆ ಹೇಳುತ್ತಾನೆ. ತಂದೆ ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ, ಮಗನ ಬದಲು ಟಗರು ಬಲಿಯಾಗುತ್ತದೆ. ಮೆಕ್‌ಮಿಲನ್ ಆ ಕಥೆಯನ್ನು ಇಂದಿನ ಅಮೆರಿಕದ ಚಿಕ್ಕ ಮನೆಯೊಂದಕ್ಕೆ ತಂದರು. ತಾಯಿ ದಿನವಿಡೀ ದೂರದರ್ಶನದಲ್ಲಿ ಧಾರ್ಮಿಕ ಕಾರ್ಯಕ್ರಮ ನೋಡುತ್ತಾಳೆ. ಒಂದು ದಿನ ಮೇಲಿನಿಂದ ದನಿಯೊಂದು ಕೇಳಿಸುತ್ತದೆ: ನಿನ್ನ ಮಗ ಪಾಪದಿಂದ ಕೆಟ್ಟಿದ್ದಾನೆ. ಅವಳು ಅವನ ಆಟಿಕೆ, ಚಿತ್ರ, ಬಟ್ಟೆಗಳನ್ನು ಕಿತ್ತುಕೊಳ್ಳುತ್ತಾಳೆ, ಕೋಣೆಯಲ್ಲಿ ಕೂಡಿಹಾಕುತ್ತಾಳೆ. ದನಿ ಮೂರನೆಯ ಬಾರಿ ಬಲಿಯನ್ನೇ ಕೇಳುತ್ತದೆ. ಅವಳು ಅಡುಗೆಮನೆಯ ಚಾಕು ಹಿಡಿದು ಬರುವಷ್ಟರಲ್ಲಿ ಹುಡುಗ ಜಮಖಾನೆಯ ಕೆಳಗಿನ ಗುಪ್ತ ಬಾಗಿಲು ತೆರೆದು ನೆಲಮಾಳಿಗೆಗೆ ಹಾರುತ್ತಾನೆ. ಅಲ್ಲಿಂದ ಆಟ ಶುರು. ಅವನಿಗಿರುವ ಆಯುಧ ಒಂದೇ, ಕಣ್ಣೀರು. ಅಳುತ್ತಾ ಅಳುತ್ತಾ ಆ ಹನಿಗಳನ್ನೇ ಎಸೆದು ರಾಕ್ಷಸರೊಡನೆ ಹೋರಾಡಬೇಕು. ತಾನು ಬೆಳೆದ ಮನೆಯ ಧಾರ್ಮಿಕ ವಾತಾವರಣವೇ ಇದಕ್ಕೆ ಪ್ರೇರಣೆಯೆಂದು ಮೆಕ್‌ಮಿಲನ್ ಹೇಳಿಕೊಂಡಿದ್ದಾರೆ. ಅದನ್ನು ಕೇಳದಿದ್ದರೂ ಊಹಿಸಬಹುದಿತ್ತು.

2012ರಲ್ಲಿ ನಿಂಟೆಂಡೊ ಕಂಪೆನಿ ತನ್ನ ಕೈಯಾಟದ ಯಂತ್ರದಲ್ಲಿ ಇದಕ್ಕೆ ಸ್ಥಳ ನಿರಾಕರಿಸಿತು. ಆಕ್ಷೇಪ ಇದ್ದದ್ದು ಧಾರ್ಮಿಕ ವಿಷಯದ ಬಗ್ಗೆ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪೆನಿ ಅದರ ಮರುರೂಪವನ್ನು ತನ್ನ ಯಂತ್ರಗಳಿಗೆ ಬರಮಾಡಿಕೊಂಡಿತು. ಆಟ ಸೌಮ್ಯವಾಗಿರಲಿಲ್ಲ, ಇನ್ನಷ್ಟು ಕಪ್ಪಾಗಿತ್ತು. ಬದಲಾದದ್ದು ಕಂಪೆನಿಯ ಕಣ್ಣು.

ಹಾವೇರಿಯ ಆ ಮನೆಯಲ್ಲಿ 2014ರ ನವೆಂಬರಿನ ಒಂದು ಸಂಜೆ ಹುಡುಗನ ತಾಯಿ ಪರದೆಯನ್ನು ನೋಡಿದರು. ‘ಇದೆಂಥಾ ಆಟೋ ಯಪ್ಪಾ, ಹಡೆದಾಕಿನ ಮಗನ್ನ ಕೊಲ್ಲಾಕ ಬರ್ತಾಳ?’ ಎಂದು ಕೇಳಿದರು. ಆಗ ನಾನೂ ಅಲ್ಲಿದ್ದೆ. ಅವನು ಉತ್ತರ ಕೊಡಲಿಲ್ಲ, ಅವರ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಯಾಕೆಂದರೆ ಆ ತಾಯಿ ಶ್ರಾವಣದ ಪುರಾಣ ಪ್ರವಚನ ತಪ್ಪಿಸಿದವರಲ್ಲ. ಸಿರಿಯಾಳನ ಕಥೆ ಅವರಿಗೆ ಬಾಯಿಪಾಠ. ಜಂಗಮನ ವೇಷದಲ್ಲಿ ಬಂದ ಶಿವ ನರಮಾಂಸದ ಅಡುಗೆ ಕೇಳಿದಾಗ ಸಿರಿಯಾಳ ಮತ್ತು ಚಂಗಳೆ ತಮ್ಮ ಮಗು ಚಿಲ್ಲಾಳನನ್ನೇ ಕಡಿದು ಬಡಿಸುತ್ತಾರೆ. ಕೊನೆಗೆ ಶಿವ ಮೆಚ್ಚುತ್ತಾನೆ, ಮಗು ಎದ್ದು ಓಡಿ ಬರುತ್ತದೆ, ಕೇಳುಗರು ಕಣ್ಣೊರೆಸಿಕೊಳ್ಳುತ್ತಾರೆ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ ಇನ್ನೂ ಕ್ರೂರವಾದದ್ದು. ಹರಿಶ್ಚಂದ್ರನ ಮಗ ತನ್ನ ಬದಲಿಗೆ ಬಲಿಗಾಗಿ ಇನ್ನೊಬ್ಬರ ಮಗನನ್ನು ಕೊಳ್ಳುತ್ತಾನೆ. ಹಸಿದ ಅಜೀಗರ್ತ ನೂರು ಹಸುಗಳಿಗೆ ನಡುವಣ ಮಗನನ್ನು ಮಾರುತ್ತಾನೆ. ಕಂಬಕ್ಕೆ ಕಟ್ಟಲು ಮತ್ತೆ ನೂರು, ಕಡಿಯಲು ಮತ್ತೆ ನೂರು ಕೇಳಿ ತಾನೇ ಕತ್ತಿ ಮಸೆಯುತ್ತಾನೆ. ಎಲ್ಲಿಯೂ ಮಗು ಕೊನೆಯ ಗಳಿಗೆಯಲ್ಲಿ ಉಳಿಯುತ್ತದೆ. ಆದರೆ ಕಥೆ ಸಾಗುವುದು ಬಹುಪಾಲು ಹಿರಿಯರ ನಿಷ್ಠೆಯ, ಹಿರಿಯರ ಸಂಕಟದ ದಾರಿಯಲ್ಲಿ. ಕತ್ತಿಯ ಕೆಳಗಿದ್ದ ಮಗುವಿಗೆ ಆ ರಾತ್ರಿ ಏನು ಕಂಡಿತು, ಮಾರನೆಯ ದಿನ ಅದೇ ತಾಯಿ ತಟ್ಟೆಗೆ ಅನ್ನ ಬಡಿಸಿದಾಗ ಅದಕ್ಕೆ ಏನನ್ನಿಸಿತು ಎಂದು ನಾವು ಕೇಳುವುದಿಲ್ಲ. ಶುನಃಶೇಪ ಮಾತ್ರ ಬಿಡುಗಡೆಯಾದ ಮೇಲೆ ಹಡೆದ ತಂದೆಯ ಬಳಿಗೆ ಮರಳಲು ಒಪ್ಪದೆ ವಿಶ್ವಾಮಿತ್ರನ ಮಗನಾಗುತ್ತಾನೆ. ಆ ಒಂದು ನಿರಾಕರಣೆಯಲ್ಲಿ ಎಷ್ಟೋ ಇದೆ.

ಮೆಕ್‌ಮಿಲನ್ ಆಟ ಕತ್ತಿಯ ಕೆಳಗಿನಿಂದ ನೋಡುತ್ತದೆ. ಅದನ್ನು ಆಡುವವನು ನಿಷ್ಠೆಯ ಪರೀಕ್ಷೆಗೆ ಒಳಗಾದ ಹಿರಿಯನಲ್ಲ, ಪರೀಕ್ಷೆಯ ಸಾಮಗ್ರಿಯಾದ ಮಗು. ನಮ್ಮಲ್ಲಿ ಈ ದೃಷ್ಟಿ ಇಲ್ಲವೆಂದಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಲಾವಣಿಯಲ್ಲಿ ನಾವು ನಡೆಯುವುದು ಅವಳ ಜೊತೆಗೇ: ತವರಿಗೆ, ಗೆಳತಿಯ ಮನೆಗೆ, ಮತ್ತೆ ಕೆರೆಯ ಮೆಟ್ಟಿಲಿಗೆ. ಅವಳಿಗೆ ಗೊತ್ತಿದೆ, ನಮಗೂ ಗೊತ್ತಿದೆ, ಆದರೂ ಪ್ರತಿ ಮೆಟ್ಟಿಲಿಗೂ ನೀರು ಏರುವುದನ್ನು ನಾವು ಉಸಿರು ಹಿಡಿದು ಕೇಳುತ್ತೇವೆ. ಶಾಲೆಯಲ್ಲಿ ಒಮ್ಮೆ, ರಂಗದ ಮೇಲೆ ಒಮ್ಮೆ, ಧ್ವನಿಸುರುಳಿಯಲ್ಲಿ ಒಮ್ಮೆ ಕೇಳಿದವರು ಇನ್ನೊಮ್ಮೆ ಕೇಳಲು ಹೋಗುತ್ತಾರೆ. ಅಂತ್ಯ ಬದಲಾಗಬಹುದೆಂಬ ಆಸೆ ಅವರಿಗಿಲ್ಲ. ಹಾಗಿದ್ದೂ ಹೋಗುತ್ತಾರೆ.

‘ರೀಬರ್ತ್’ಗಾಗಿ ಕಾದವರ ಮನಸ್ಸು ಇದಕ್ಕೆ ಹತ್ತಿರವಾದದ್ದು. ಸಾಯುವುದು ಖಚಿತವಾಗಿದ್ದ ಆಟವನ್ನು ಅವರು ನೂರಾರು ಸಲ ಆಡಿದ್ದರು. ಅವರಿಗೆ ಬೇಕಾಗಿದ್ದದ್ದು ಹೊಸ ಕಥೆಯಲ್ಲ, ಆ ಕಥೆ ನಿಂತುಕೊಳ್ಳಲು ಗಟ್ಟಿಯಾದ ನೆಲ. ಮೊದಲ ಆಟವನ್ನು ‘ಫ್ಲ್ಯಾಶ್’ ಎಂಬ ತಂತ್ರಾಂಶದಲ್ಲಿ ಕಟ್ಟಲಾಗಿತ್ತು. ಜಾಲತಾಣಗಳ ಚಿಕ್ಕ ಚಿತ್ರಗಳಿಗೆಂದು ಹುಟ್ಟಿದ ಆ ತಂತ್ರ 2012ರ ಮೇ ತಿಂಗಳಲ್ಲಿ ಬಂದ ವಿಸ್ತರಣೆಯ ಭಾರಕ್ಕೇ ಏದುಸಿರು ಬಿಡತೊಡಗಿತು. ಕೋಣೆಯಲ್ಲಿ ಶತ್ರುಗಳು ಹೆಚ್ಚಿದರೆ ಆಟ ತೆವಳುತ್ತಿತ್ತು, ಇನ್ನಷ್ಟು ಸೇರಿಸಲು ಜಾಗವಿರಲಿಲ್ಲ. ಹೀಗಾಗಿ ನಿಕಾಲಿಸ್ ಎಂಬ ಸಂಸ್ಥೆಯೊಡನೆ ಸೇರಿ ಮೆಕ್‌ಮಿಲನ್ ಹೊಸ ಯಂತ್ರದ ಮೇಲೆ ಎಲ್ಲವನ್ನೂ ಮತ್ತೆ ಬರೆಸಿದರು. ಮುಂದೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಅದರ ಒಡೆಯರೇ ಬೆಂಬಲ ನಿಲ್ಲಿಸಿದರು. ಆ ತಂತ್ರವನ್ನು ನೆಚ್ಚಿಕೊಂಡು ಬ್ರೌಸರುಗಳಲ್ಲಿ ಬದುಕಿದ್ದ ಸಾವಿರಾರು ಚಿಕ್ಕ ಆಟಗಳು ಅನಾಥವಾದವು.

ಹಾಗೆ ನೋಡಿದರೆ ಮರುರೂಪವೆಂಬುದು ಓಲೆಗರಿಯ ಕೆಲಸ. ಗರಿಗೆ ಹುಳು ಹಿಡಿಯುವ ಮೊದಲು ಯಾರೋ ಒಬ್ಬರು ಕುಳಿತು ಹೊಸ ಗರಿಯ ಮೇಲೆ ಪ್ರತಿ ಮಾಡಬೇಕು. ಮಾಡದ ಕಾವ್ಯಗಳು ಹೆಸರು ಮಾತ್ರ ಉಳಿಸಿ ಹೋದವು. ಪ್ರತಿ ಮಾಡುವವನ ಕೈ ಜಾರಬಹುದು, ತನಗೆ ತಿಳಿದದ್ದನ್ನು ಅವನು ನಡುವೆ ಸೇರಿಸಲೂಬಹುದು. ಐಸಾಕ್‌ನ ಅಭಿಮಾನಿಗಳ ಆತಂಕವೂ ಇದೇ ಆಗಿತ್ತು. ಹಳೆಯ ಆಟದ ಕೈಬರಹದಂಥ ನಯವಾದ ಗೆರೆಗಳನ್ನು ಬಿಟ್ಟು ಹೊಸದಕ್ಕೆ ಚೌಕಚೌಕದ ಚುಕ್ಕಿ ಚಿತ್ರಗಳನ್ನು ತಂದಾಗ ಹಲವರು ಮುನಿಸಿಕೊಂಡರು. ಡ್ಯಾನಿ ಬರನೌಸ್ಕಿ ಅವರ ಸಂಗೀತ ಹೋಗಿ ಬೇರೆಯವರ ಸಂಗೀತ ಬಂದಾಗ ಆ ಮುನಿಸು ವರ್ಷಗಟ್ಟಲೆ ಉಳಿಯಿತು. ಕಥೆ ಅದೇ ಎಂದು ಹೇಳಿ ಸಮಾಧಾನ ಮಾಡಿದರೆ ಅವರು ಒಪ್ಪುತ್ತಿರಲಿಲ್ಲ. ಯಕ್ಷಗಾನದಲ್ಲಿ ಪ್ರಸಂಗ ಅದೇ ಆದರೂ ಭಾಗವತ ಬದಲಾದರೆ ರಾತ್ರಿಯೇ ಬದಲಾಯಿತು ಎನ್ನುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಹಾವೇರಿಗೆ ಹೋದದ್ದು ಆಟದ ಸಲುವಾಗಿ ಅಲ್ಲ, ಗಳಗನಾಥಕ್ಕೆ ಹೋಗುವ ದಾರಿಯಲ್ಲಿ. ವರದಾ ಮತ್ತು ತುಂಗಭದ್ರೆ ಸೇರುವ ಆ ಹಳ್ಳಿಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ತಳವನ್ನು ಪಿರಮಿಡ್ಡಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹರಡಿಕೊಂಡು, ಹೊಳೆಯ ಪಕ್ಕದಲ್ಲಿ ಕಾಲೂರಿ ನಿಂತ ಕಟ್ಟಡ ಅದು. ಅದೇ ಊರಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿಯವರು ಊರಿನ ಹೆಸರನ್ನೇ ಕಾವ್ಯನಾಮವಾಗಿ ಹೊತ್ತರು. ಶಾಲಾ ಶಿಕ್ಷಕರಾಗಿದ್ದ ಗಳಗನಾಥರನ್ನು ಕನ್ನಡ ಕಾದಂಬರಿಯ ಪಿತಾಮಹ ಎಂದು ಕರೆಯುವ ವಾಡಿಕೆ ಬೆಳೆದಿದೆ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರೆಂಬ ನೆನಪು ಉತ್ತರ ಕರ್ನಾಟಕದಲ್ಲಿ ಇನ್ನೂ ಹಸಿರಾಗಿದೆ.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಈ ಪಿತಾಮಹರು ರೀಮೇಕ್ ಮಾಡಿದವರು. ಅವರ ಹೆಸರಾಂತ ಕೃತಿ ‘ಕನ್ನಡಿಗರ ಕರ್ಮಕಥೆ’ಗೆ ಮೂಲ ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’. ಮುಂಬಯಿ ಪ್ರಾಂತದ ಧಾರವಾಡ ಸೀಮೆಯಲ್ಲಿ ಓದು ಬಲ್ಲ ಕನ್ನಡಿಗ ಮರಾಠಿಯಲ್ಲೇ ಓದುತ್ತಿದ್ದ ಕಾಲ ಅದು. ಬೇಕೆಂದಿದ್ದರೆ ಅವನು ಆಪಟೆಯವರನ್ನು ನೇರವಾಗಿ ಓದಬಹುದಿತ್ತು, ಓದಿದವರೂ ಇದ್ದರು. 1565ರಲ್ಲಿ ವಿಜಯನಗರ ಬೀಳುತ್ತದೆ ಎಂಬುದಂತೂ ಯಾರಿಗೂ ಗುಟ್ಟಲ್ಲ. ಆದರೂ ಕನ್ನಡಿಗರು ಗಳಗನಾಥರ ಪುಸ್ತಕಕ್ಕಾಗಿ ಕಾದರು. ಹೆಸರನ್ನೇ ನೋಡಿ. ಮರಾಠಿಯಲ್ಲಿ ಅದು ಸಿಡಿಲಿನ ಪೆಟ್ಟು, ಎಲ್ಲೋ ಮೇಲಿನಿಂದ ಯಾರ ಮೇಲೋ ಬಿದ್ದದ್ದು. ಕನ್ನಡದಲ್ಲಿ ಅದು ಕರ್ಮ, ನಮ್ಮದು, ನಾವೇ ಉಂಡದ್ದು. ಘಟನೆ ಅದೇ ಇದ್ದು ನೋವಿನ ಒಡೆತನ ಬದಲಾಯಿತು. ಒಳ್ಳೆಯ ಮರುರೂಪ ಮಾಡುವುದು ಇಷ್ಟೇ, ಮತ್ತು ಇದು ಸಣ್ಣ ಕೆಲಸವಲ್ಲ.

ಅಂದು ಕಾದಂಬರಿಯೂ ಗೌರವದ ವಸ್ತುವಾಗಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಹೊತ್ತುಗಳೆಯುವ ಗೀಳು, ಹುಡುಗರ ತಲೆ ಕೆಡಿಸುವ ಗದ್ಯ ಎಂಬ ಮಾತುಗಳು ಅದರ ಮೇಲೂ ಬಿದ್ದಿದ್ದವು. ಮೈಸೂರು ಸೀಮೆಯಲ್ಲಿ ಬಂಕಿಮರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರೂ, ಇತ್ತ ಆಪಟೆಯವರನ್ನು ತಂದ ಗಳಗನಾಥರೂ ಓದುವ ಜನರನ್ನು ಮೊದಲು ಕಟ್ಟಿದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಗಳಗನಾಥರು ಮನೆಮನೆ ತಲುಪಿದರು. ಸ್ವತಂತ್ರ ಕಾದಂಬರಿಯ ಬೆಳೆ ಹುಲುಸಾದದ್ದು ಆ ಉಳುಮೆಯ ನಂತರ.

ಈ ಹಿನ್ನೆಲೆಯಲ್ಲಿ ಇಂದಿನ ನಮ್ಮ ಕಾನೂನನ್ನೂ ನೀತಿಯನ್ನೂ ನೋಡಬೇಕು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣಕ್ಕಿಡುವ ಕೌಶಲದ ಆಟಗಳನ್ನೂ ಜೂಜಿನ ಬುಟ್ಟಿಗೆ ಹಾಕಿತು. ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ ಕೇಂದ್ರವೇ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ತಂದಿತು. ಹಣದಾಟಗಳನ್ನು ನಿಷೇಧಿಸುವ ಅದರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಸಾಲ ಮಾಡಿ ಆಡಿ, ಮನೆ ಮುರಿದುಕೊಂಡವರ ಸುದ್ದಿಗಳನ್ನು ಈ ಜಿಲ್ಲೆಗಳ ಪುಟಗಳಲ್ಲಿ ಓದಿದವರು ಯಾರೂ ತಕರಾರು ಮಾಡಲಾರರು. ನಾನು ಗಮನಿಸಿದ್ದು ಬೇರೆ. ಕಾಯ್ದೆ ಆಟಗಳನ್ನು ಮೂರು ವರ್ಗ ಮಾಡುತ್ತದೆ: ಸ್ಪರ್ಧೆಯ ಇ-ಕ್ರೀಡೆ, ಮನರಂಜನೆ ಅಥವಾ ಶಿಕ್ಷಣದ ಸಾಮಾಜಿಕ ಆಟ, ಹಣದ ಆಟ. ಬೆಲೆ ತೆತ್ತು ಕೊಂಡು ಒಬ್ಬನೇ ಕುಳಿತು ಆಡುವ ಐಸಾಕ್‌ನಂಥ ಕೃತಿಯನ್ನು ಕಾಯ್ದೆ ತಡೆಯುವುದಿಲ್ಲ, ಸರಿ. ಆದರೆ ಅದರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಗೆಲ್ಲುವುದು, ಕಲಿಯುವುದು, ಕಾಲ ಕಳೆಯುವುದು, ಕಳೆದುಕೊಳ್ಳುವುದು ಎಂಬ ನಾಲ್ಕು ಕ್ರಿಯಾಪದಗಳ ಆಚೆ ಆಟವೊಂದು ಇನ್ನೇನನ್ನಾದರೂ ಮಾಡಬಲ್ಲದು ಎಂಬ ಕಲ್ಪನೆ ನಮ್ಮ ಸಾರ್ವಜನಿಕ ಮಾತಿನಲ್ಲಿ ಇಲ್ಲ. ಒಂದು ಕಾದಂಬರಿಯನ್ನು ‘ಹಣದ ಪುಸ್ತಕ, ಸ್ಪರ್ಧೆಯ ಪುಸ್ತಕ, ಕಾಲಹರಣದ ಪುಸ್ತಕ’ ಎಂದು ವಿಂಗಡಿಸಿದರೆ ‘ಕನ್ನಡಿಗರ ಕರ್ಮಕಥೆ’ ಯಾವ ಕಪಾಟಿಗೆ ಹೋಗುತ್ತಿತ್ತು? ಕೌತುಕನಿಧಿಯ ಪೀಠ ಎಲ್ಲಿ ಹೋಯಿತು?

ಉದ್ಯಮ ನೀತಿಯಲ್ಲಿ ಬೇರೆ ಚಿತ್ರ ಸಿಗಬಹುದೆಂದು ನೋಡಿದರೆ ಅಲ್ಲಿರುವುದು ಲೆಕ್ಕದ ಚಿತ್ರ. ಆನಿಮೇಶನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್‌ಗಾಗಿ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ಕರ್ನಾಟಕ ದೇಶದಲ್ಲಿ ಮೊದಲನೆಯದು. 2024ರಲ್ಲಿ ಅದರ ಹೊಸ ಆವೃತ್ತಿ 2029ರವರೆಗಿನ ಅವಧಿಗೆ ಬಂತು. ಹೂಡಿಕೆ, ಉದ್ಯೋಗ, ಕೌಶಲ, ಪ್ರಯೋಗಾಲಯ ಎಲ್ಲವೂ ಬೇಕಾದವೇ. ಬೆಂಗಳೂರಿನ ಕೈಚಳಕಕ್ಕೆ ಕೊರತೆಯಿಲ್ಲ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಆಟ-ಸಂಸ್ಥೆಗಳಲ್ಲಿ ಒಂದು. ಹೊರದೇಶಗಳ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟು ಹೆಸರು ಮಾಡಿದ ಅದು 2016ರಲ್ಲಿ ಸ್ವೀಡನ್ನಿನ ಕಂಪೆನಿಗೂ 2019ರಲ್ಲಿ ರಾಕ್‌ಸ್ಟಾರ್‌ಗೂ ಕೈ ಬದಲಾಯಿತು. ತಂದೆಯ ತೊಡೆಯಿಂದ ಇಳಿಸಲ್ಪಟ್ಟ ಮಗುವಿನ ಹೆಸರು ಹೊತ್ತ ಸಂಸ್ಥೆ ಅನ್ಯರ ಕಥೆಗಳಿಗೆ ಕಾರು, ಕಟ್ಟಡ ಕಡೆಯಿತು. ಧ್ರುವನ ಕಥೆಯನ್ನು ಹೇಳಿಸುವ ಗಿರಾಕಿ ಬರಲಿಲ್ಲ. ಇದು ಆ ಸಂಸ್ಥೆಯ ದೋಷವಲ್ಲ. ಅಂಥ ಕಥೆಗಾಗಿ ಕಾಯುವ ಮಂದಿ ಇದ್ದಾರೆಂದು ಅವರಿಗೆ ಹೇಳಿದವರು ಯಾರು?

ಪುಣೆಯ ಪುಟ್ಟ ತಂಡವೊಂದು 2020ರಲ್ಲಿ ‘ರಾಜೀ’ ಎಂಬ ಆಟ ತಂದಿತು. ಅಸುರರು ಎತ್ತಿಕೊಂಡು ಹೋದ ತಮ್ಮನನ್ನು ಹುಡುಕುತ್ತಾ ಹೊರಡುವ ಅಕ್ಕನ ಕಥೆ. ಜನರಿಂದಲೇ ಹಣ ಕೂಡಿಸುವ ಅವರ ಮೊದಲ ಯತ್ನ ವಿಫಲವಾಗಿತ್ತು. ಆದರೂ ಬಿಡದೆ ಮುಗಿಸಿದರು, ನಿಂಟೆಂಡೊ ಯಂತ್ರದಲ್ಲೇ ಅದು ಮೊದಲು ಕಾಣಿಸಿಕೊಂಡಿತು. ಅಂದರೆ ನಮ್ಮ ಪಕ್ಕದ ಮರಾಠಿ ನಾಡಿನಲ್ಲಿ ಕೆಲಸ ಶುರುವಾಗಿದೆ. ಇತಿಹಾಸ ತನ್ನನ್ನು ತಾನೇ ಪುನರಾವರ್ತಿಸುತ್ತಿದೆಯಾದರೆ ಈಗ ಒಬ್ಬ ಗಳಗನಾಥ ಬೇಕು.

ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ಐಸಾಕ್ ಎಲ್ಲರಿಗೂ ತಕ್ಕ ಆಟವಲ್ಲ. ರಕ್ತ, ಮಲ, ವಿಕೃತ ದೇಹಗಳು ಅದರಲ್ಲಿ ಬೇಕಾದದ್ದಕ್ಕಿಂತ ಹೆಚ್ಚಾಗಿವೆ. ಕೆಲವು ಕಡೆ ಹುಡುಗುತನದ ಹೇಸಿಗೆಯ ಹಾಸ್ಯ ಕಥೆಯ ಗಾಂಭೀರ್ಯವನ್ನು ತಿಂದುಹಾಕುತ್ತದೆ. ಹತ್ತು ವರ್ಷದ ಮಗುವಿನ ಕೈಗೆ ಅದನ್ನು ಕೊಡುವುದನ್ನು ನಾನು ಸಮರ್ಥಿಸಲಾರೆ. ಅದೃಷ್ಟದ ಆಟಗಳು ‘ಇನ್ನೊಂದು ಸಲ’ ಎಂಬ ಆಸೆಗೆ ಗಾಳ ಹಾಕುತ್ತವೆ ಎಂಬುದೂ ನಿಜ, ಕವಡೆ ಹಿಡಿದು ರಾಜ್ಯವನ್ನೇ ಸೋತವರ ಕಥೆಯೇ ನಮ್ಮ ಮಹಾಕಾವ್ಯ. ಆದರೆ ಆ ಮಹಾಕಾವ್ಯ ಪಗಡೆಯನ್ನು ದೂರಿ ಸುಮ್ಮನಾಗಲಿಲ್ಲ, ಪಗಡೆಯಾಡಿದವರ ಒಳಗನ್ನು ಬಗೆದು ನೋಡಿತು.

ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದು ಗದುಗಿನ ಕುಮಾರವ್ಯಾಸ ಗೇಲಿ ಮಾಡಿದ. ಹಾಗೆ ಗೇಲಿ ಮಾಡಿ ತಾನು ಕುಳಿತು ಬರೆದದ್ದು ಪಂಪ ಆಗಲೇ ಹೇಳಿ ಮುಗಿಸಿದ್ದ ಭಾರತವನ್ನು. ಆ ಪರಂಪರೆಯವರು ರೀಮೇಕ್ ಎಂದೊಡನೆ ಮೂಗು ಮುರಿಯುವುದು ಅಷ್ಟೇನೂ ಶೋಭಿಸುವುದಿಲ್ಲ. ಮೂಗು ಮುರಿಯಬೇಕಾದದ್ದು ಸುಣ್ಣ ಬಳಿಯುವ ಜೀರ್ಣೋದ್ಧಾರಕ್ಕೆ, ಹಳೆಯ ಶಿಲ್ಪದ ಮೇಲೆ ಎಣ್ಣೆಬಣ್ಣ ಹಚ್ಚಿ ಹೊಸದಾಯಿತೆನ್ನುವ ಉತ್ಸಾಹಕ್ಕೆ.

ಮರುರೂಪದ ಬಳಿಕ ಆ ಆಟಕ್ಕೆ ಏನಾಯಿತು ಎಂಬುದನ್ನೂ ಹೇಳಬೇಕು. 2015ರಲ್ಲಿ, 2017ರಲ್ಲಿ ವಿಸ್ತರಣೆಗಳು ಬಂದವು. ನಡುವೆ 2016ರ ಡಿಸೆಂಬರಿನಲ್ಲಿ ಅಭಿಮಾನಿಗಳ ಗುಂಪೊಂದು ಅಧಿಕೃತರ ದಾರಿ ಕಾಯದೆ ತಾವೇ ‘ಆಂಟಿಬರ್ತ್’ ಎಂಬ ವಿಸ್ತರಣೆಯನ್ನು ಬರೆದು ಉಚಿತವಾಗಿ ಹಂಚಿತು. ಅದು ಎಷ್ಟು ಚೆನ್ನಾಗಿತ್ತೆಂದರೆ ಮೂಲ ಕರ್ತೃ ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ, ಕರೆದು ಕೆಲಸ ಕೊಟ್ಟರು. 2021ರ ಮಾರ್ಚ್ 31ರಂದು ಬಂದ ‘ರಿಪೆಂಟೆನ್ಸ್’ ಎಂಬ ದೊಡ್ಡ ವಿಸ್ತರಣೆಯಲ್ಲಿ ಆ ಅಭಿಮಾನಿಗಳ ಕೆಲಸವೂ ಸೇರಿದೆ. ಕಾದವರೇ ಕಟ್ಟುವವರಾದರು. ಕನ್ನಡದಲ್ಲಿ ಈ ಆಟವಿಲ್ಲ, ಕನ್ನಡದಲ್ಲಿ ಹೀಗೆ ಕಾಯಿಸಿದ ಆಟವೂ ಇಲ್ಲ. ಆದರೆ ಕಾದ ಹುಡುಗರು ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲೂ ಇದ್ದಾರೆಂಬುದಕ್ಕೆ ನನ್ನ ಬಂಧುವಿನ ಮಗನೇ ಸಾಕ್ಷಿ. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ಬ್ಯಾಂಕೊಂದರ ತಂತ್ರಾಂಶ ಬರೆಯುತ್ತಾನೆ.

‘ರಿಪೆಂಟೆನ್ಸ್’ನ ಕೊನೆಯನ್ನು ಅವನೇ ನನಗೆ ತೋರಿಸಿದ. ಹತ್ತು ವರ್ಷಗಳಿಂದ ಕಥೆ ಹೇಳುತ್ತಾ ಬಂದಿದ್ದ ದನಿ ಯಾರದೆಂದು ಅಲ್ಲಿ ತಿಳಿಯುತ್ತದೆ. ಅದು ಮನೆ ಬಿಟ್ಟು ಹೋಗಿದ್ದ ತಂದೆಯದು, ಮಲಗುವ ಮಗುವಿಗೆ ಅವನು ಹೇಳುತ್ತಿದ್ದ ಕಥೆ. ಅದು ಹೀಗೇ ಮುಗಿಯಬೇಕೇ ಎಂದು ಅವನು ಮಗನನ್ನು ಕೇಳುತ್ತಾನೆ, ಮತ್ತೆ ಅದೇ ಗುಡ್ಡದ ಮೇಲಿನ ಅದೇ ಚಿಕ್ಕ ಮನೆಯಿಂದ ಬೇರೊಂದು ಕಥೆಯನ್ನು ಆರಂಭಿಸುತ್ತಾನೆ. ಹುಡುಗನ ತಾಯಿಯೂ ಅಂದು ಪಕ್ಕದಲ್ಲಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬಾರದು. ‘ಏನಂತಾನ ಅಂವ?’ ಎಂದು ಕೇಳಿದರು. ಮಗ ಪರದೆಯನ್ನು ಅಲ್ಲಿಗೇ ನಿಲ್ಲಿಸಿ, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳತೊಡಗಿದ.